ಕೀವಿನ ಪರೀಕ್ಷೆ: ಯಾವ ಮದ್ದು ತಾಗುತ್ತದೆಂದು ಲ್ಯಾಬಿನವರಿಗೆ ಹೇಗೆ ಗೊತ್ತಾಗುತ್ತದೆ?

ಕೃಷಿ ಪತ್ರಿಕೆಯಲ್ಲಿ ಆಸ್ಪತ್ರೆ ಲ್ಯಾಬಿನ ವಿಷಯ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. ನಾನು ಹೇಳಹೊರಟ ರೋಗಾಣುವಿನ ಮನೆ ಮಣ್ಣು ಮತ್ತು ನೀರು. ನಮ್ಮ ಹೊಲ, ಕೆರೆ, ನೀರಿನ ತೊಟ್ಟಿ, ನಲ್ಲಿಯ ಪೈಪು ಇವೇ ಅದರ ತವರು. ಅದರ ಮೇಲೆ ಪ್ರಯೋಗಿಸುವ ಔಷಧಿಗಳಲ್ಲಿ ಹಲವು ಮೊದಲು ಸಿಕ್ಕಿದ್ದೂ ಮಣ್ಣಿನಲ್ಲೇ. ಇನ್ನು ಪರೀಕ್ಷೆ ಮಾಡುವ ಕ್ರಮವಂತೂ ಬೀಜದ ಮೊಳಕೆ ಪರೀಕ್ಷೆ, ಔಷಧಿ ಸಿಂಪರಣೆ ಮಾಡಿದವರಿಗೆ ಬೇಗ ಅರ್ಥವಾಗುವಂಥದ್ದು. ನಾನು ಓದಿದ್ದು ಏಳನೇ ಇಯತ್ತೆ. ನನಗೆ ತಿಳಿದದ್ದು ನಿಮಗೂ ತಿಳಿದೀತು ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಟಿ.ಬಿ.ಯ ದಾಯಾದಿಗಳು

ಕ್ಷಯ ರೋಗ, ಅಂದರೆ ಟಿ.ಬಿ. ಯಾರಿಗೆ ಗೊತ್ತಿಲ್ಲ? ಅದರ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ಡಾಕ್ಟರು 1882ರಲ್ಲಿ ತೋರಿಸಿಕೊಟ್ಟರು. ಮೈಕೋಬ್ಯಾಕ್ಟೀರಿಯ ಅನ್ನುವ ದೊಡ್ಡ ಮನೆತನಕ್ಕೆ ಸೇರಿದ್ದು ಅದು. ಕುಷ್ಠರೋಗದ ಅಣುವೂ ಅದೇ ಮನೆತನದ್ದು. ಈ ಎರಡನ್ನು ಬಿಟ್ಟು ಅದೇ ಮನೆತನದಲ್ಲಿ ಇನ್ನೂ ಸುಮಾರು ಇನ್ನೂರು ಜಾತಿಗಳಿವೆ. ಅವನ್ನೆಲ್ಲ ಒಟ್ಟುಗೂಡಿಸಿ ಟಿ.ಬಿ. ಅಲ್ಲದ ಮೈಕೋಬ್ಯಾಕ್ಟೀರಿಯ ಎನ್ನುತ್ತಾರೆ. ಲ್ಯಾಬಿನ ಚೀಟಿಯಲ್ಲಿ 'ಎನ್.ಟಿ.ಎಂ.' ಅಂತ ಬರೆದಿರುತ್ತದೆ. ನಾನೂ ಹಾಗೇ ಬರೆಯುತ್ತೇನೆ.

ಈ ಜಾತಿಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ದಿನಾ ಕುಂಟೆ ಹೊಡೆಯುವಾಗ ಧೂಳಿನ ಜೊತೆ ನಮ್ಮ ಮೂಗಿಗೆ ಹೋಗುತ್ತಿರುತ್ತವೆ, ಏನೂ ಆಗುವುದಿಲ್ಲ. ಶ್ವಾಸಕೋಶ ಮೊದಲೇ ಕೆಟ್ಟವರಿಗೆ, ಹಳೇ ಟಿ.ಬಿ. ಆಗಿ ಗಾಯದ ಗುರುತು ಉಳಿದವರಿಗೆ, ಮೈಯ ನಿರೋಧಶಕ್ತಿ ಕುಗ್ಗಿದವರಿಗೆ ಕೆಲವು ಜಾತಿಗಳು ಕೆಮ್ಮು, ಕಫ ತರುತ್ತವೆ. ಇನ್ನು ಕೆಲವು, ಇಂಜೆಕ್ಷನ್ ಚುಚ್ಚಿದ ಕಡೆ, ಆಪರೇಷನ್ ಆದ ಗಾಯದಲ್ಲಿ ಸೇರಿಕೊಂಡು ಗಟ್ಟಿಮುಟ್ಟಾದ ಆಳಿಗೂ ತಿಂಗಳುಗಟ್ಟಲೆ ಕೀವು ಸುರಿಸುತ್ತವೆ.

ಇದು ಸಾಮಾನ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಮಣ್ಣು ನೀರಿನಿಂದ ಬರುವುದು. ಈ ಮಾತನ್ನು ಎರಡು ಸಲ ಓದಿಕೊಳ್ಳಿ. ಯಾಕೆಂದರೆ ಊರಲ್ಲಿ 'ಟಿ.ಬಿ. ಥರದ್ದಂತೆ' ಎಂಬ ಸುದ್ದಿ ಹಬ್ಬಿದರೆ ಸಾಕು, ತಟ್ಟೆ ಲೋಟ ಬೇರೆ ಮಾಡಿಬಿಡುತ್ತಾರೆ.

ನಮ್ಮ ಮಣ್ಣಿನಲ್ಲಿ ಇವು ಎಷ್ಟು ತುಂಬಿವೆ ಅನ್ನುವುದಕ್ಕೆ ಪಕ್ಕದ ತಮಿಳುನಾಡಿನ ಉದಾಹರಣೆ ಇದೆ. 1968ರಲ್ಲಿ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನರ ಮೇಲೆ ಬಿ.ಸಿ.ಜಿ. ಲಸಿಕೆಯ ದೊಡ್ಡ ಪ್ರಯೋಗ ಶುರುವಾಯಿತು. ದೊಡ್ಡವರ ಶ್ವಾಸಕೋಶದ ಟಿ.ಬಿ.ಯನ್ನು ಲಸಿಕೆ ತಡೆಯಲಿಲ್ಲ ಎಂಬ ಫಲಿತಾಂಶ 1979ರ ಹೊತ್ತಿಗೆ ಬಂದು ಎಲ್ಲರೂ ಬೆರಗಾದರು. ಅಲ್ಲಿನ ಮಣ್ಣು ನೀರಿನಲ್ಲಿರುವ ಎನ್.ಟಿ.ಎಂ.ಗಳ ಜೊತೆ ಜನರ ಮೈ ಮೊದಲೇ ಪಳಗಿಬಿಟ್ಟದ್ದರಿಂದ ಲಸಿಕೆಯ ಕೆಲಸ ಕಾಣಲಿಲ್ಲ ಎಂಬುದು ಅದಕ್ಕೆ ವಿಜ್ಞಾನಿಗಳು ಕೊಟ್ಟ ಕಾರಣಗಳಲ್ಲಿ ಒಂದು.

ನನ್ನ ಬಾಮೈದನ ಹೊಟ್ಟೆಯ ತೂತು

ನನಗೆ ಈ ವಿಷಯದ ಗಂಟು ಬಿದ್ದದ್ದು ನನ್ನ ಹೆಂಡತಿಯ ತಮ್ಮನಿಂದ. ಅವನೂ ನಮ್ಮ ಹಾಗೆ ಶೇಂಗಾ, ರಾಗಿ, ಒಂದಷ್ಟು ಕುರಿ ಇಟ್ಟುಕೊಂಡವನು. ಪಿತ್ತಕೋಶದಲ್ಲಿ ಕಲ್ಲು ಅಂತ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್ ಆಯಿತು. ಹೊಲಿಗೆ ಚೆನ್ನಾಗಿ ಕೂಡಿತು. ತಿಂಗಳ ಮೇಲೆ ಹೊಕ್ಕುಳ ಹತ್ತಿರದ ತೂತಿನ ಜಾಗದಲ್ಲಿ ಗಂಟು ಎದ್ದಿತು, ಒಡೆಯಿತು, ನೀರಿನಂಥ ಕೀವು ಬರತೊಡಗಿತು. ಜ್ವರ ಇಲ್ಲ, ಹೊಟ್ಟೆನೋವು ಇಲ್ಲ, ಗಾಯ ಮಾತ್ರ ಮಾಯುವುದಿಲ್ಲ. ನಾಲ್ಕು ತಿಂಗಳು ಒಂದಾದ ಮೇಲೊಂದು ಆಂಟಿಬಯೋಟಿಕ್ ಕೊಟ್ಟರು. ಕೀವನ್ನು ಪರೀಕ್ಷೆಗೆ ಕಳಿಸಿದರೆ 'ಬೆಳವಣಿಗೆ ಇಲ್ಲ' ಅಂತ ಬಂತು. ಬೇರೊಬ್ಬ ಡಾಕ್ಟರು ಕೀವಿಗೆ ಬಣ್ಣ ಹಾಕಿಸಿ ನೋಡಿ, ಟಿ.ಬಿ. ಅಣುವಿನ ಹಾಗೆ ಕಾಣುತ್ತದೆ ಅಂತ ಟಿ.ಬಿ. ಮಾತ್ರೆ ಶುರು ಮಾಡಿಸಿದರು. ಎರಡು ತಿಂಗಳು ನುಂಗಿದ. ಮಾತ್ರೆಯಿಂದ ಮೂತ್ರ ಕೆಂಪಾಯಿತೇ ಹೊರತು ಕೀವು ನಿಲ್ಲಲಿಲ್ಲ. ಅಷ್ಟರಲ್ಲಿ ಒಂದು ಟಗರು, ಒಂಬತ್ತು ಕುರಿ ಸಂತೆ ಸೇರಿದ್ದವು.

ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಲ್ಯಾಬಿನ ಕೆಲಸಗಾರ ಹುಡುಗ ಚಿತ್ರದುರ್ಗದ ಕಡೆಯವನೇ. ರಿಪೋರ್ಟಿಗೆ ಅಂತ ನಾಲ್ಕು ಸಲ ಓಡಾಡಿದಾಗ ಅವನು, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಹೇಳಿದ. "ಯಜಮಾನ್ರೇ, ನೀವು ಬೀಜ ಬಿತ್ತೋ ಹಾಗೇ ನಾವೂ ಬಿತ್ತೋದು, ನಮ್ಮ ಹೊಲ ಬೆರಳಗಲ ಅಷ್ಟೇ" ಅಂದ. ಮುಂದಿನದು ಬಹುಪಾಲು ಅವನು ಹೇಳಿದ್ದು, ಆಮೇಲೆ ನಾನು ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡದ್ದು.

ಬಣ್ಣ ಒಂದೇ, ಜಾತಿ ಬೇರೆ

ಈ ಮನೆತನದ ಅಣುಗಳಿಗೆಲ್ಲ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ. ಮಾಮೂಲು ಬಣ್ಣ ಅದರೊಳಗೆ ಇಳಿಯುವುದಿಲ್ಲ. ಕೆಂಪು ಬಣ್ಣ ಹಾಕಿ ಕೆಳಗಿನಿಂದ ಕಾಯಿಸಿದರೆ ಹಿಡಿಯುತ್ತದೆ. ಹಿಡಿದ ಮೇಲೆ ಆಮ್ಲ ಹಾಕಿ ತೊಳೆದರೂ ಬಿಡುವುದಿಲ್ಲ. ಬೇರೆ ಅಣುಗಳ ಬಣ್ಣ ಬಿಟ್ಟುಹೋಗುತ್ತದೆ. ಮೇಲೆ ನೀಲಿ ಹಾಕಿದರೆ ನೀಲಿ ನೆಲದಲ್ಲಿ ಕೆಂಪು ಕಡ್ಡಿಗಳ ಹಾಗೆ ಇವು ಎದ್ದು ಕಾಣುತ್ತವೆ. ಇದನ್ನೇ 'ಎ.ಎಫ್.ಬಿ.' ಎಂದು ಬರೆಯುವುದು.

ಇಲ್ಲೇ ಎಡವಟ್ಟು. ಟಿ.ಬಿ. ಅಣುವೂ ಕೆಂಪು, ಎನ್.ಟಿ.ಎಂ.ಗಳೂ ಕೆಂಪು. ಗೌಡರ ಮನೆಯವರೆಲ್ಲ ಒಂದೇ ರುಮಾಲು ಸುತ್ತಿದ ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಅಣ್ಣ, ಇದು ತಮ್ಮ ಎಂದು ಹೇಳಲು ಬರುವುದಿಲ್ಲ. ಈಗ ಸರಕಾರಿ ಆಸ್ಪತ್ರೆಗಳಲ್ಲಿ 'ಸಿ.ಬಿ.ನ್ಯಾಟ್' ಎಂಬ ಯಂತ್ರದ ಪರೀಕ್ಷೆ ಇದೆ. ಅದು ಟಿ.ಬಿ. ಅಣುವಿನ ವಂಶವಾಹಿಯನ್ನೇ ಹುಡುಕುತ್ತದೆ. ಬಣ್ಣದ ಪರೀಕ್ಷೆಯಲ್ಲಿ ಕೆಂಪು ಕಡ್ಡಿ ಕಂಡು, ಈ ಯಂತ್ರ 'ಟಿ.ಬಿ. ಇಲ್ಲ' ಅಂದರೆ ಎನ್.ಟಿ.ಎಂ. ಇರಬಹುದೆಂದು ಡಾಕ್ಟರಿಗೆ ಅನುಮಾನ ಬರಬೇಕು. ಬಾಮೈದನಿಗೆ ಹಾಗೇ ಆಯಿತು, ಆದರೆ ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ. ಅವನ ಗಾಯದಲ್ಲಿದ್ದ ಜಾತಿಗೆ ಟಿ.ಬಿ.ಯ ಮೊದಲ ಸಾಲಿನ ಮಾತ್ರೆಗಳು ತಾಗುವುದೇ ಇಲ್ಲವಂತೆ.

ಮೊಟ್ಟೆಯ ಹೊಲದಲ್ಲಿ ಬಿತ್ತನೆ

ಮದ್ದು ತಾಗುತ್ತದೋ ಇಲ್ಲವೋ ನೋಡಬೇಕಾದರೆ ಮೊದಲು ಅಣುವನ್ನು ಬೆಳೆಸಬೇಕು. ಇದಕ್ಕೆ ಕಲ್ಚರ್ ಎನ್ನುತ್ತಾರೆ. ಬೆಳೆಸುವ ಒಂದು ಬಗೆಯ ಆಹಾರ ಕೋಳಿಮೊಟ್ಟೆಯದು. ಮೊಟ್ಟೆ, ಗ್ಲಿಸರಿನ್, ಉಪ್ಪುಗಳು ಮತ್ತು ಒಂದು ಹಸಿರು ಬಣ್ಣ ಕಲಸಿ ಗಾಜಿನ ಶೀಶೆಯಲ್ಲಿ ಓರೆಯಾಗಿಟ್ಟು ಕಾಯಿಸಿ ಗಟ್ಟಿ ಮಾಡುತ್ತಾರೆ. ಹಸಿರು ಬಣ್ಣ ಚೆಂದಕ್ಕಲ್ಲ, ಅದು ಬೇರೆ ಅಣುಗಳನ್ನು ಅಡಗಿಸುತ್ತದೆ. ದ್ರವರೂಪದ ಆಹಾರವಿರುವ ಕೊಳವೆಗಳೂ ಇವೆ, ಅವುಗಳಲ್ಲಿ ಬೆಳವಣಿಗೆ ಬೇಗ ಗೊತ್ತಾಗುತ್ತದೆ.

ಕಫದಲ್ಲಿ ಬಾಯಿಯ ಬೇರೆ ಅಣುಗಳು ಬೇಕಾದಷ್ಟಿರುತ್ತವೆ. ಅವು ಒಂದೇ ರಾತ್ರಿಯಲ್ಲಿ ಬೆಳೆದು ಆಹಾರವನ್ನೆಲ್ಲ ಮುಚ್ಚಿಬಿಡುತ್ತವೆ, ಮಳೆ ಬಿದ್ದ ಮೇಲೆ ಕಳೆ ಎದ್ದು ರಾಗಿಯನ್ನು ಮುಚ್ಚಿದ ಹಾಗೆ. ಅದಕ್ಕೆ ಕಫಕ್ಕೆ ಮೊದಲು ಕ್ಷಾರ ಹಾಕಿ ಕಳೆ ಕಿತ್ತುಕೊಳ್ಳುತ್ತಾರೆ. ಮೇಣದ ಹೊದಿಕೆ ಇರುವುದರಿಂದ ನಮ್ಮ ಅಣು ತಡೆದುಕೊಳ್ಳುತ್ತದೆ. ಆದರೆ ಕ್ಷಾರ ಹೆಚ್ಚಾದರೆ ಎನ್.ಟಿ.ಎಂ.ನ ಕೆಲವು ಜಾತಿಗಳೂ ಸತ್ತುಹೋಗುತ್ತವೆ. ಕಳೆನಾಶಕ ಜಾಸ್ತಿಯಾಗಿ ಬೆಳೆ ಸುಟ್ಟದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಬೆಳೆಯುವ ವೇಗದಲ್ಲಿ ಎರಡು ಗುಂಪು. ಏಳು ದಿನದೊಳಗೆ ಕಣ್ಣಿಗೆ ಕಾಣುವ ಗುಂಪು ಕಟ್ಟುವವು ಬೇಗದ ತಳಿ. ಅಬ್ಸೆಸಸ್, ಫಾರ್ಚುಯಿಟಮ್, ಕಿಲೋನೆ ಎಂಬ ಜಾತಿಗಳು ಇದರಲ್ಲಿ ಬರುತ್ತವೆ. ಗಾಯದ ಕೀವಿನಲ್ಲಿ ಹೆಚ್ಚಾಗಿ ಸಿಗುವುದು ಇವೇ. ಅದಕ್ಕಿಂತ ತಡವಾಗಿ ಬೆಳೆಯುವವು ನಿಧಾನದ ತಳಿ. ಶ್ವಾಸಕೋಶ ಹಿಡಿಯುವ ಏವಿಯಂ ಗುಂಪು, ಕನ್ಸಾಸಿ ಇದರಲ್ಲಿವೆ. ಕನ್ಸಾಸಿಯ ಒಂದು ಚೆಂದ ಎಂದರೆ ಕತ್ತಲಲ್ಲಿ ಬೆಳೆದಾಗ ಬಿಳಿಚಿಕೊಂಡಿರುತ್ತದೆ, ಬೆಳಕಿಗೆ ಇಟ್ಟರೆ ಹಳದಿಯಾಗುತ್ತದೆ. ರನ್ಯನ್ ಎಂಬ ಅಮೆರಿಕದ ವಿಜ್ಞಾನಿ 1959ರಲ್ಲಿ ಹೀಗೆ ಬಣ್ಣ ಮತ್ತು ವೇಗ ನೋಡಿಯೇ ಇವನ್ನು ನಾಲ್ಕು ಗುಂಪು ಮಾಡಿದ್ದರು. ಈಗ ವಂಶವಾಹಿ ನೋಡಿ ಜಾತಿ, ಉಪಜಾತಿ ಸಹ ಹೇಳುತ್ತಾರೆ. ಉಪಜಾತಿ ಗೊತ್ತಾಗುವುದು ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ಬಾಮೈದನ ಮೊದಲ ಪರೀಕ್ಷೆಯಲ್ಲಿ 'ಬೆಳವಣಿಗೆ ಇಲ್ಲ' ಅಂತ ಬಂದದ್ದು ಯಾಕೆ? ಮಾಮೂಲು ಕೀವಿನ ಕಲ್ಚರನ್ನು ಎರಡು ಮೂರು ದಿನ ನೋಡಿ ಬಿಸಾಡುತ್ತಾರೆ. ಬೇಗದ ತಳಿ ಎಂದರೂ ಇದಕ್ಕೆ ಮೂರರಿಂದ ಏಳು ದಿನ ಬೇಕು. ಬಿತ್ತಿ ಎರಡೇ ದಿನಕ್ಕೆ ಹೊಲ ನೋಡಿ ಬೀಜ ಹುಟ್ಟಲಿಲ್ಲ ಎಂದರೆ ಹೇಗೆ? 'ಎ.ಎಫ್.ಬಿ. ಕಲ್ಚರ್' ಎಂದು ಡಾಕ್ಟರು ಬೇರೆಯಾಗಿ ಬರೆದರೆ ಮಾತ್ರ ಹೆಚ್ಚು ದಿನ ಇಟ್ಟು ನೋಡುತ್ತಾರೆ.

ಮಜ್ಜಿಗೆಗೆ ನೀರು ಹಾಕುವ ಲೆಕ್ಕ

ಈಗ ಮುಖ್ಯ ಪರೀಕ್ಷೆಗೆ ಬಂದೆ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ, ಒಟ್ಟು 96. ನಮ್ಮ ಚೌಕಾಬಾರ ಮನೆಯ ಹಾಗೆ, ಆದರೆ ಒಂದೊಂದು ಗುಳಿಗೆ ಹಿಡಿಯುವುದು ಕೆಲವೇ ಹನಿ.

ಒಂದು ಔಷಧಿಯನ್ನು ತೆಗೆದುಕೊಂಡು ಮೊದಲ ಗುಳಿಗೆ ಗಟ್ಟಿಯಾಗಿ ಹಾಕುತ್ತಾರೆ. ಎರಡನೆಯದಕ್ಕೆ ಅದರರ್ಧ, ಮೂರನೆಯದಕ್ಕೆ ಅದರರ್ಧ. 64, 32, 16, 8, 4, 2, 1, ಹೀಗೆ. ಲೆಕ್ಕ ಒಂದು ಮಿಲಿಲೀಟರ್ ದ್ರವಕ್ಕೆ ಎಷ್ಟು ಮೈಕ್ರೋಗ್ರಾಂ ಔಷಧಿ ಎಂದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ನೆಂಟರು ಹೆಚ್ಚಾದಾಗ ಮಜ್ಜಿಗೆಗೆ ಅರ್ಧಕ್ಕರ್ಧ ನೀರು ಬೆರೆಸುತ್ತಾ ಹೋಗುತ್ತಾರಲ್ಲ, ಅದೇ ಲೆಕ್ಕ. ಕೊನೆಯ ಗುಳಿಯಲ್ಲಿ ಔಷಧಿಯೇ ಇರುವುದಿಲ್ಲ, ಬರೇ ಆಹಾರ.

ಆಮೇಲೆ ಎಲ್ಲ ಗುಳಿಗಳಿಗೂ ಒಂದೇ ಸಮ ಅಣುಗಳನ್ನು ಬಿತ್ತುತ್ತಾರೆ. ಇಲ್ಲಿ ಕೂರಿಗೆ ಹಿಡಿದವನ ಕೈ ಪಳಗಿರಬೇಕು. ಬಿತ್ತನೆ ದಟ್ಟವಾದರೆ ಒಳ್ಳೇ ಔಷಧಿಯೂ ಸೋತ ಹಾಗೆ ಕಾಣುತ್ತದೆ. ತೆಳುವಾದರೆ ಕೆಲಸಕ್ಕೆ ಬಾರದ ಔಷಧಿಯೂ ಗೆದ್ದ ಹಾಗೆ ಕಾಣುತ್ತದೆ. ಮಿಲಿಲೀಟರಿಗೆ ಒಂದರಿಂದ ಐದು ಲಕ್ಷ ಅಣು ಇರುವ ಹಾಗೆ ಮಾಡಿಕೊಳ್ಳುತ್ತಾರೆ. ಅಣುಗಳನ್ನು ಎಣಿಸಲಾಗುವುದಿಲ್ಲ, ದ್ರವ ಎಷ್ಟು ಮಸುಕಾಗಿದೆ ಎಂದು ನೋಡಿ ಅಳತೆ ಹಿಡಿಯುತ್ತಾರೆ. ಮೇಣದ ಮೈಯಾದ್ದರಿಂದ ಈ ಅಣುಗಳು ಒಂದಕ್ಕೊಂದು ಅಂಟಿ ಹೆಂಟೆ ಕಟ್ಟುವುದು ಜಾಸ್ತಿ. ಹೆಂಟೆ ಒಡೆಯದಿದ್ದರೆ ಅಳತೆ ಸುಳ್ಳಾಗುತ್ತದೆ.

ತಟ್ಟೆ ಮುಚ್ಚಿ, ಬೇಗದ ತಳಿಯಾದರೆ 30 ಡಿಗ್ರಿ ಶಾಖದಲ್ಲಿ ಇಡುತ್ತಾರೆ. ಮೂರರಿಂದ ಐದು ದಿನಕ್ಕೆ ತೆಗೆದು ನೋಡುತ್ತಾರೆ. ಮೊದಲು ನೋಡುವುದು ಔಷಧಿ ಇಲ್ಲದ ಗುಳಿಯನ್ನು. ಅಲ್ಲಿ ಬೆಳೆದಿರಲೇಬೇಕು. ಅಲ್ಲೇ ಬೆಳೆಯದಿದ್ದರೆ ಬೀಜವೇ ಸತ್ತಿದೆ ಎಂದರ್ಥ, ಉಳಿದ ಗುಳಿ ನೋಡಿ ಪ್ರಯೋಜನವಿಲ್ಲ. ಅಲ್ಲಿ ಚೆನ್ನಾಗಿ ಬೆಳೆದಿದ್ದರೆ ಒಂದೊಂದೇ ಔಷಧಿಯ ಸಾಲನ್ನು ನೋಡುತ್ತಾರೆ. ತಳದಲ್ಲಿ ಬಿಳಿ ಗುಂಡಿಯ ಹಾಗೆ ಕೂತಿದ್ದರೆ ಬೆಳೆದಿದೆ. ತಿಳಿಯಾಗಿದ್ದರೆ ಔಷಧಿ ತಡೆದಿದೆ. ತಿಳಿಯಾಗಿರುವ ಗುಳಿಗಳಲ್ಲಿ ಅತಿ ಕಡಿಮೆ ಔಷಧಿ ಇರುವುದು ಯಾವುದೋ ಆ ಅಂಕಿಯೇ 'ಎಂ.ಐ.ಸಿ.'. ಅಣುವಿನ ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ ಎಂದರ್ಥ.

ಸಲ್ಫಾ ಜಾತಿಯ ಔಷಧಿಯಲ್ಲಿ ಮಾತ್ರ ಗುಳಿ ಪೂರ್ತಿ ತಿಳಿಯಾಗುವುದಿಲ್ಲ. ನೂರಕ್ಕೆ ಎಂಬತ್ತರಷ್ಟು ಬೆಳೆ ಕುಗ್ಗಿದ್ದರೆ ತಡೆಯಿತು ಎಂದೇ ಲೆಕ್ಕ. ಇದಕ್ಕೆ ಅನುಭವದ ಕಣ್ಣು ಬೇಕು. ಹಾಗೇ ಇಮಿಪೆನೆಮ್ ಎಂಬ ಔಷಧಿ ತಟ್ಟೆಯಲ್ಲಿ ಕೂತಲ್ಲೇ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ, ತಡ ಮಾಡಿ ನೋಡಿದರೆ ಅದು ಸೋತ ಹಾಗೆ ಕಾಣುತ್ತದೆ. ಪರೀಕ್ಷೆ ಸರಿ ನಡೆದಿದೆಯೇ ಎಂದು ನೋಡಲು, ಫಲಿತಾಂಶ ಮೊದಲೇ ಗೊತ್ತಿರುವ ಒಂದು ಅಣುವನ್ನೂ ಜೊತೆಗೆ ಬಿತ್ತುತ್ತಾರೆ. ಹೊಸ ತಳಿಯ ಪಕ್ಕದಲ್ಲಿ ಹಳೇ ತಳಿಯ ಒಂದು ಸಾಲು ಹಾಕಿ ತಾಳೆ ನೋಡುವ ರೈತರು ನಮ್ಮಲ್ಲೂ ಇದ್ದಾರೆ.

ಮಾಮೂಲು ಕೀವಿಗೆ ಮಾಡುವ ಬಿಲ್ಲೆ ಪರೀಕ್ಷೆ, ಅಂದರೆ ಔಷಧಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಎಷ್ಟಗಲ ಬೆಳೆಯಲಿಲ್ಲ ಎಂದು ಅಳೆಯುವುದು, ಎನ್.ಟಿ.ಎಂ.ಗೆ ನಂಬುವಂಥದ್ದಲ್ಲ. ಗುಳಿ ತಟ್ಟೆಯ ಪರೀಕ್ಷೆಯೇ ಆಗಬೇಕು.

ಸಣ್ಣ ಅಂಕಿ ಒಳ್ಳೇದೆಂದು ತಿಳಿಯಬೇಡಿ

ಬಾಮೈದನ ರಿಪೋರ್ಟ್ ಕೈಗೆ ಬಂದಾಗ ಮನೆಯ ಹುಡುಗರು ಒಂದು ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ನೋಡಿ, "ಭಾವ, ಇದರಲ್ಲಿ ಕ್ಲಾರಿಥ್ರೋಮೈಸಿನ್ ಅನ್ನೋದಕ್ಕೆ 1 ಇದೆ, ಅಮಿಕಾಸಿನ್ ಅನ್ನೋದಕ್ಕೆ 8 ಇದೆ. 1 ಇರೋದೇ ಎಂಟು ಪಾಲು ಒಳ್ಳೇದು" ಎಂದು ತೀರ್ಮಾನ ಮಾಡಿದ್ದರು. ಅದು ಹಾಗಲ್ಲ.

ಒಂದು ಕೀಟನಾಶಕವನ್ನು ಲೀಟರಿಗೆ 2 ಮಿಲಿ ಹಾಕಬೇಕು, ಇನ್ನೊಂದನ್ನು 0.3 ಮಿಲಿ. ಕಡಿಮೆ ಮಿಲಿಯದ್ದೇ ಹೆಚ್ಚು ಒಳ್ಳೆಯದು ಎಂದು ಯಾರಾದರೂ ಹೇಳುತ್ತಾರೆಯೇ? ಒಂದೊಂದಕ್ಕೂ ಅದರದ್ದೇ ಅಳತೆ. ಇಲ್ಲಿಯೂ ಹಾಗೇ. ಆಯಾ ಔಷಧಿಯನ್ನು ಮನುಷ್ಯನಿಗೆ ಕೊಟ್ಟಾಗ ರಕ್ತದಲ್ಲಿ ಎಷ್ಟು ಸೇರುತ್ತದೆ, ರೋಗಿಗಳಲ್ಲಿ ಏನು ಕಂಡುಬಂದಿದೆ ಎಂಬುದನ್ನೆಲ್ಲ ನೋಡಿ ಒಂದು ಗಡಿ ಹಾಕಿರುತ್ತಾರೆ. ಬೇಗದ ತಳಿಗೆ ಕ್ಲಾರಿಥ್ರೋಮೈಸಿನ್‌ನ ಗಡಿ: 2 ಅಥವಾ ಕಡಿಮೆ ಇದ್ದರೆ ತಾಗುತ್ತದೆ, 4 ನಡುವಿನದು, 8 ಅಥವಾ ಹೆಚ್ಚಾದರೆ ತಾಗುವುದಿಲ್ಲ. ಅಮಿಕಾಸಿನ್‌ಗೆ 16ರವರೆಗೂ ತಾಗುತ್ತದೆ, 32 ನಡುವಿನದು, 64 ಅಥವಾ ಹೆಚ್ಚಾದರೆ ಇಲ್ಲ. ಅಂದಮೇಲೆ ಅಮಿಕಾಸಿನ್‌ಗೆ 8 ಎಂದರೆ ಒಳ್ಳೆಯ ಫಲಿತಾಂಶವೇ. ಚೀಟಿಯಲ್ಲಿ ಅಂಕಿಯ ಪಕ್ಕ ಎಸ್, ಐ, ಆರ್ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಎಸ್ ಎಂದರೆ ತಾಗುತ್ತದೆ, ಆರ್ ಎಂದರೆ ಇಲ್ಲ, ಐ ನಡುವಿನದು. ಅಂಕಿ ನೋಡುವುದಕ್ಕಿಂತ ನಮ್ಮಂಥವರು ಅಕ್ಷರ ನೋಡುವುದೇ ಮೇಲು.

ಗಡಿ ಕೂಡ ಎಲ್ಲ ಜಾತಿಗೂ ಒಂದೇ ಅಲ್ಲ. ನಿಧಾನದ ಏವಿಯಂ ಗುಂಪಿಗೆ ಕ್ಲಾರಿಥ್ರೋಮೈಸಿನ್ 8ರವರೆಗೂ ತಾಗುತ್ತದೆ ಎಂದು ಲೆಕ್ಕ, 32 ಆದರೆ ಇಲ್ಲ. ಹಾಗಾಗಿ ಜಾತಿ ಗುರುತಿಸದೆ ಬರೇ ಅಂಕಿ ಕೊಟ್ಟ ಚೀಟಿ ಅರ್ಧ ಚೀಟಿ.

ಮೂರನೇ ದಿನ ಸೋತದ್ದು ಹದಿನಾಲ್ಕನೇ ದಿನ ಏಳುತ್ತದೆ

ನನಗೆ ಅತಿ ಸೋಜಿಗ ಅನ್ನಿಸಿದ್ದು ಇದು. ಬಾಮೈದನ ಕೀವಿನಲ್ಲಿದ್ದದ್ದು ಅಬ್ಸೆಸಸ್ ಜಾತಿ. ಮೂರನೇ ದಿನ ಕ್ಲಾರಿಥ್ರೋಮೈಸಿನ್ ಅಂಕಿ 1, ಅಂದರೆ ತಾಗುತ್ತದೆ. ಹುಡುಗರು ನೋಡಿದ್ದು ಈ ಮೊದಲ ಚೀಟಿ. ಲ್ಯಾಬಿನವರು ಅದರ ಮೇಲೆ 'ಪೂರ್ತಿಯಾಗಿಲ್ಲ' ಎಂದು ಬರೆದಿದ್ದರು. ತಟ್ಟೆಯನ್ನು ಬಿಸಾಡದೆ ಹದಿನಾಲ್ಕು ದಿನ ಇಟ್ಟರು. ಆಗ 16ರ ಗುಳಿಯಲ್ಲೂ ಬೆಳೆದಿತ್ತು. ಎಸ್ ಇದ್ದದ್ದು ಆರ್ ಆಯಿತು.

ಹೇಗೆ ಎಂದರೆ, ಈ ಔಷಧಿ ಅಣುವಿನೊಳಗೆ ಪ್ರೊಟೀನು ತಯಾರಾಗುವ ಗಿರಣಿಗೆ ಹೋಗಿ ಕಚ್ಚಿಕೊಂಡು ಅದನ್ನು ನಿಲ್ಲಿಸುತ್ತದೆ. ಅಬ್ಸೆಸಸ್‌ನಲ್ಲಿ 'ಇ.ಆರ್.ಎಂ. 41' ಎಂಬ ವಂಶವಾಹಿ ಇದೆ. ಔಷಧಿ ಇಲ್ಲದಾಗ ಅದು ತಣ್ಣಗೆ ಮಲಗಿರುತ್ತದೆ. ಔಷಧಿ ಬಂತೆಂದು ಗೊತ್ತಾದ ಮೇಲೆ ಎದ್ದು, ಔಷಧಿ ಕಚ್ಚುವ ಜಾಗವನ್ನೇ ಮಾರ್ಪಾಡು ಮಾಡಿಸುತ್ತದೆ. ಬೀಗದ ತೂತಿಗೆ ಮೇಣ ಮೆತ್ತಿದರೆ ಕೀಲಿಕೈ ಹೋಗುವುದಿಲ್ಲವಲ್ಲ, ಹಾಗೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಈ ವಂಶವಾಹಿಯನ್ನು ವಿವರಿಸಿದರು. ಆಮೇಲೆ 2011ರ ಪರೀಕ್ಷಾ ನಿಯಮದಲ್ಲಿ ಹದಿನಾಲ್ಕು ದಿನ ಕಾಯಬೇಕೆಂದು ಸೇರಿಸಿದರು. ಅದಕ್ಕೂ ಮುಂಚೆ ಲ್ಯಾಬಿನಲ್ಲಿ ತಾಗಿದ ಔಷಧಿ ರೋಗಿಗೆ ತಾಗದೆ ಡಾಕ್ಟರುಗಳು ತಲೆ ಕೆರೆದುಕೊಳ್ಳುತ್ತಿದ್ದರಂತೆ.

ಉಪಜಾತಿಯ ಮಾತು ಇಲ್ಲಿ ಬರುತ್ತದೆ. ಅಬ್ಸೆಸಸ್‌ನಲ್ಲೇ ಮಸಿಲಿಯೆನ್ಸೆ ಎಂಬ ಉಪಜಾತಿಗೆ ಆ ವಂಶವಾಹಿಯ ತುಂಡು ಕಳಚಿಹೋಗಿ ಅದು ಕೆಲಸ ಮಾಡುವುದಿಲ್ಲ. ಆ ರೋಗಿಗೆ ಕ್ಲಾರಿಥ್ರೋಮೈಸಿನ್ ಸಾಮಾನ್ಯವಾಗಿ ಚೆನ್ನಾಗಿ ತಾಗುತ್ತದೆ. ನೋಡಲು ಒಂದೇ, ಗುಣ ಬೇರೆ. ವಂಶವಾಹಿ ಪರೀಕ್ಷೆಯ ಅನುಕೂಲ ಇರುವ ಲ್ಯಾಬಿನಲ್ಲಿ ಇದನ್ನು ಹದಿನಾಲ್ಕು ದಿನ ಕಾಯದೆ ಹೇಳಬಹುದು.

ಇನ್ನೊಂದು ಬಗೆಯ ನಿರೋಧ ನಾವೇ ತಂದುಕೊಳ್ಳುವುದು. ಏವಿಯಂ ಗುಂಪಿನ ಕಾಯಿಲೆಗೆ ಈ ಜಾತಿಯ ಮಾತ್ರೆಯೊಂದನ್ನೇ ಒಂಟಿಯಾಗಿ ಕೊಟ್ಟರೆ, ಕೋಟಿಗಟ್ಟಲೆ ಅಣುಗಳಲ್ಲಿ ಗಿರಣಿಯ ಆ ಜಾಗ ಹುಟ್ಟಿನಿಂದಲೇ ಬದಲಾದ ಒಂದೆರಡು ಉಳಿದು, ಅವೇ ಹೊಲ ತುಂಬುತ್ತವೆ. ಅದಕ್ಕೇ ಎರಡು ಮೂರು ಔಷಧಿ ಜೊತೆಗೆ ಕೊಡುವುದು. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದು ಕಾಯಿಕೊರಕವನ್ನು ಪಳಗಿಸಿದವರು ನಾವು, ಇದನ್ನು ಬೇರೆಯವರು ನಮಗೆ ಹೇಳಿಕೊಡಬೇಕಾಗಿಲ್ಲ.

ಸ್ಟ್ರೆಪ್ಟೋಮೈಸಿನ್ ಎಂಬ ಟಿ.ಬಿ. ಔಷಧಿಯ ಹುಟ್ಟು ಕೇಳಿದರೆ ರೈತರಿಗೆ ಖುಷಿಯಾಗುತ್ತದೆ. 1943ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೃಷಿ ಪ್ರಯೋಗ ಕೇಂದ್ರದಲ್ಲಿ ಶಾಟ್ಜ್ ಎಂಬ ಹುಡುಗ, ಮಣ್ಣುವಿಜ್ಞಾನಿ ವಾಕ್ಸ್‌ಮನ್ ಅವರ ಕೈಕೆಳಗೆ ಕೆಲಸ ಮಾಡುತ್ತಾ ಅದನ್ನು ಕಂಡುಹಿಡಿದ. ಗೊಬ್ಬರ ಹೇರಳವಾಗಿ ಹಾಕಿದ ಹೊಲದ ಮಣ್ಣಿನಿಂದ ಒಂದು, ಕೋಳಿಯ ಗಂಟಲಿನಿಂದ ಒಂದು, ಹೀಗೆ ಔಷಧಿ ಕೊಡುವ ಅಣು ಸಿಕ್ಕಿತ್ತು. ಅದೇ ಸ್ಟ್ರೆಪ್ಟೋಮೈಸಿನ್ನನ್ನು ಟೆಟ್ರಾಸೈಕ್ಲಿನ್ ಜೊತೆ ಬೆರೆಸಿ ನಾವು ದಾಳಿಂಬೆಯ ದುಂಡಾಣು ಅಂಗಮಾರಿಗೆ ಹೊಡೆದೆವು. ಬೆಳೆಗೆ ಇದರ ಬಳಕೆ ನಿಲ್ಲಿಸಬೇಕೆಂದು ಕೇಂದ್ರ ಸರಕಾರ 2021ರಲ್ಲಿ ಕರಡು ಆದೇಶ ಹೊರಡಿಸಿತು. ಮನುಷ್ಯರ ಔಷಧಿಯನ್ನು ಎಕರೆಗಟ್ಟಲೆ ಚೆಲ್ಲುವುದು ನನಗೂ ಸರಿ ಕಾಣುವುದಿಲ್ಲ. ದಾಳಿಂಬೆ ಇಟ್ಟವರು ಬೈದರೆ ಬೈಯಲಿ.

ಚೀಟಿ ಹೇಳದ ಮಾತು

ಎಸ್ ಎಂದು ಬಂದ ಕೂಡಲೇ ವಾಸಿಯಾಯಿತು ಎಂದಲ್ಲ. ತಟ್ಟೆಯ ಗುಳಿ ಬೇರೆ, ಮನುಷ್ಯನ ಮೈ ಬೇರೆ. ಏವಿಯಂ ಗುಂಪಿನಲ್ಲಿ ಲ್ಯಾಬಿನ ಫಲಿತಾಂಶಕ್ಕೂ ರೋಗಿಯ ಗುಣಕ್ಕೂ ತಾಳೆಯಾಗುವುದು ಮುಖ್ಯವಾಗಿ ಕ್ಲಾರಿಥ್ರೋಮೈಸಿನ್ ಜಾತಿಯದ್ದು ಮತ್ತು ಅಮಿಕಾಸಿನ್ ಎರಡೇ. ರಿಫಾಂಪಿಸಿನ್, ಇಥಾಂಬುಟಾಲ್‌ಗಳನ್ನು ಚಿಕಿತ್ಸೆಯಲ್ಲಿ ಕೊಡುತ್ತಾರೆ, ಆದರೆ ತಟ್ಟೆಯಲ್ಲಿ ಅವುಗಳ ಅಂಕಿ ನೋಡಿ ಏನನ್ನೂ ಹೇಳಲಾಗದು. ಅದಕ್ಕೇ ಕೆಲವು ಲ್ಯಾಬುಗಳು ಆ ಅಂಕಿಯನ್ನು ಬರೆಯುವುದೇ ಇಲ್ಲ. ಲ್ಯಾಬಿನವರು ಮೋಸ ಮಾಡಿದರೆಂದು ಜಗಳಕ್ಕೆ ಹೋಗಬೇಡಿ.

ಕಫದಲ್ಲಿ ಒಂದು ಸಲ ಎನ್.ಟಿ.ಎಂ. ಸಿಕ್ಕಿದರೆ ಅದು ಕಾಯಿಲೆಯೇ ಎಂದೂ ಅಲ್ಲ. ನೀರಿನಿಂದ ಬಂದು ಸೇರಿರಬಹುದು. ಬೇರೆ ಬೇರೆ ದಿನದ ಕನಿಷ್ಠ ಎರಡು ಕಫದಲ್ಲಿ ಅದೇ ಜಾತಿ ಬೆಳೆಯಬೇಕು, ಎಕ್ಸ್‌ರೇ ಅಥವಾ ಸ್ಕ್ಯಾನ್‌ನಲ್ಲೂ, ರೋಗಿಯ ತೊಂದರೆಯಲ್ಲೂ ಅದಕ್ಕೆ ಹೊಂದುವುದು ಕಾಣಬೇಕು. ಶ್ವಾಸಕೋಶದ್ದಾದರೆ ಚಿಕಿತ್ಸೆ ಸಣ್ಣದಲ್ಲ, ಕಫದಲ್ಲಿ ಅಣು ಬೆಳೆಯುವುದು ನಿಂತ ಮೇಲೂ ಹನ್ನೆರಡು ತಿಂಗಳು ಮಾತ್ರೆ ನುಂಗಬೇಕು.

ಬಾಮೈದನಿಗೆ ಕೆಟ್ಟ ಮಾಂಸವನ್ನು ಕತ್ತರಿಸಿ ತೆಗೆದರು. ತಟ್ಟೆಯಲ್ಲಿ ತಾಗಿದ ಅಮಿಕಾಸಿನ್ ಇಂಜೆಕ್ಷನ್ನು, ಅದರ ಜೊತೆಗೆ ಲಿನೆಜೊಲಿಡ್ ಮಾತ್ರೆ ಕೊಟ್ಟರು. ಅಮಿಕಾಸಿನ್ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು, ಲಿನೆಜೊಲಿಡ್ ರಕ್ತದ ಕಣಗಳನ್ನು ಕಡಿಮೆ ಮಾಡಬಲ್ಲದು. ಅದಕ್ಕಾಗಿ ಆಗಾಗ ರಕ್ತ, ಕಿವಿ ಪರೀಕ್ಷೆ ಮಾಡಿಸುತ್ತಿದ್ದರು. ತಿಂಗಳುಗಳೇ ಹಿಡಿದರೂ ಗಾಯ ಕೂಡಿತು. ಈ ಮುಂಗಾರಿಗೆ ಅವನೇ ಕೂರಿಗೆ ಹಿಡಿದ. ಆದರೆ ಅವನಿಗೆ ಕೊಟ್ಟ ಔಷಧಿಯನ್ನೇ ಇನ್ನೊಬ್ಬರು ಅಂಗಡಿಯಲ್ಲಿ ಕೊಂಡು ತೆಗೆದುಕೊಳ್ಳುವಂತಿಲ್ಲ. ಅವರ ತಟ್ಟೆ ಬೇರೆ.

ಗಾಯಕ್ಕೆ ಅಣು ಬಂದದ್ದು ಎಲ್ಲಿಂದ ಎಂದು ಖಡಾಖಂಡಿತ ಹೇಳಲು ಆಗಲಿಲ್ಲ. ಇಂಥ ಆಪರೇಷನ್ನಿನ ಕೊಳವೆ ಉಪಕರಣಗಳನ್ನು ಸರಿಯಾಗಿ ಶುದ್ಧಿ ಮಾಡದೆ, ಇಲ್ಲವೇ ದ್ರಾವಣದಲ್ಲಿ ಅದ್ದಿ ನಲ್ಲಿ ನೀರಿನಲ್ಲಿ ತೊಳೆದರೆ ಹೀಗಾಗುವುದುಂಟು. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಲ್ಲಿ 2006-07ರಲ್ಲಿ 63 ಆಸ್ಪತ್ರೆಗಳಿಂದ ಸಾವಿರಕ್ಕೂ ಹೆಚ್ಚು ಶಂಕಿತ ರೋಗಿಗಳು ವರದಿಯಾದರು. ಅಲ್ಲಿನ ಅಣು, ಉಪಕರಣ ಅದ್ದುವ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲೂ ಬದುಕುತ್ತಿತ್ತು.

ಕೇಳಿ ತಿಳಿಯಬೇಕಾದ್ದು

ಆಪರೇಷನ್ ಅಥವಾ ಇಂಜೆಕ್ಷನ್ ಆದ ಕಡೆ ವಾರಗಳ ಮೇಲೆ ಗಂಟು, ಕೀವು ಶುರುವಾಗಿ ಮಾಮೂಲು ಮದ್ದಿಗೆ ಬಗ್ಗದಿದ್ದರೆ, 'ಎ.ಎಫ್.ಬಿ. ಕಲ್ಚರ್ ಮಾಡಿಸಬೇಕೇ?' ಎಂದು ಡಾಕ್ಟರನ್ನು ಕೇಳಿ. ಹತ್ತಿಕಡ್ಡಿಯಲ್ಲಿ ಒರೆಸಿದ್ದಕ್ಕಿಂತ ಸೂಜಿಯಲ್ಲಿ ಎಳೆದ ಕೀವು, ಮಾಂಸದ ತುಣುಕು ಒಳ್ಳೆಯ ಮಾದರಿ. ತುಣುಕು ತೆಗೆದರೆ ಪೂರ್ತಿ ಫಾರ್ಮಲಿನ್‌ನಲ್ಲಿ ಹಾಕಿಬಿಟ್ಟರೆ ಅಣು ಸಾಯುತ್ತದೆ, ಸತ್ತದ್ದನ್ನು ಬೆಳೆಸಲಾಗದು. ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಕಲ್ಚರಿಗೆಂದು ಬರೇ ಸೆಲೈನ್‌ನಲ್ಲಿ ಹೋಗಬೇಕು. ನಮ್ಮ ಬಾಮೈದನ ಒಂದು ತುಣುಕು ಮೊದಲಿಗೆ ಹೀಗೇ ವ್ಯರ್ಥವಾಯಿತು.

ಬೆಳೆಸಿದ ಅಣುವನ್ನು ಕೆಲವು ಕಾಲ ಇಟ್ಟುಕೊಳ್ಳುವಂತೆ ಲ್ಯಾಬಿನವರಿಗೆ ಡಾಕ್ಟರ ಮೂಲಕ ಹೇಳಿಸಿ, ಮುಂದೆ ಇನ್ನೊಂದು ಔಷಧಿಯ ಪರೀಕ್ಷೆ ಬೇಕಾಗಬಹುದು. ಎಲ್ಲ ಊರಿನ ಲ್ಯಾಬಿನಲ್ಲೂ ಈ ಗುಳಿ ತಟ್ಟೆ ಇಲ್ಲ, ದೊಡ್ಡ ಲ್ಯಾಬಿಗೆ ಕಳಿಸಬೇಕಾಗುತ್ತದೆ.

ಕುರಿ ಸಾಕಿದವರಿಗೆ ಒಂದು ಮಾತು. ಮೇವು ತಿಂದರೂ ಸೊರಗುತ್ತಾ ಹೋಗಿ ಸಾಯುವ 'ಜೋನ್ಸ್' ಕಾಯಿಲೆ ತರುವುದೂ ಏವಿಯಂನ ಒಂದು ಉಪಜಾತಿಯೇ. ಕುರಿಗೆ ಭೇದಿ ಆಗಲೇಬೇಕೆಂದಿಲ್ಲ, ದನಗಳಿಗೆ ಆಗುತ್ತದೆ. ಅದಕ್ಕೆ ಯಾವ ಆಂಟಿಬಯೋಟಿಕ್ ಕೊಟ್ಟರೂ ದುಡ್ಡು ದಂಡ. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಅಂಥದ್ದನ್ನು ಮಂದೆಯಿಂದ ಬೇರೆ ಮಾಡಬೇಕು. ಅದರ ಹಿಕ್ಕೆ ಬಿದ್ದ ನೀರು, ಮೇವು ಮರಿಗಳಿಗೆ ಸಿಗದ ಹಾಗೆ ನೋಡಿಕೊಳ್ಳಬೇಕು.